ಐದು ಕಿಲೋಮೀಟರಿನೊಳಗೆ ಸಿಕ್ಕಿಬಿದ್ದ ಡೀಸೆಲ್ ಕೂಪೆ: ಕಾಸರಗೋಡಿನ ಒಳನಾಡಿನ ಒಂದು ಪ್ರಕರಣ

ಕಾರು ಬಂದದ್ದು ದೆಹಲಿ ಕಡೆಯಿಂದ. ಅಲ್ಲಿ 10 ವರ್ಷ ದಾಟಿದ ಡೀಸೆಲ್ ವಾಹನ ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಮಾಡಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆಮೇಲೆ ಒಂಬತ್ತನೇ ವರ್ಷಕ್ಕೆ ಕಾಲಿಟ್ಟ ದೊಡ್ಡ ದೊಡ್ಡ ಡೀಸೆಲ್ ಕಾರುಗಳನ್ನು ಅಲ್ಲಿಯವರು ಸಿಕ್ಕಿದ ಬೆಲೆಗೆ ಬಿಟ್ಟುಕೊಡತೊಡಗಿದರು. ನಿರಾಕ್ಷೇಪಣಾ ಪತ್ರ ಹಿಡಿದುಕೊಂಡು ಅವು ದಕ್ಷಿಣಕ್ಕೆ ಇಳಿದವು. ನಾನು ಹೇಳಹೊರಟ ಕೂಪೆಯೂ (ಮಾಡು ಹಿಂದಕ್ಕೆ ಇಳಿದ, ನೆಲಕ್ಕೆ ಹತ್ತಿರದ ಕಾರು) ಹಾಗೆ ಇಳಿದು, ಇಲ್ಲಿಯ ತೆರಿಗೆ ಕಟ್ಟಿಸಿಕೊಂಡು, ಕೆಎಲ್-14 ನಂಬರು ಹಚ್ಚಿಸಿಕೊಂಡು, ಬದಿಯಡ್ಕಕ್ಕೂ ಪೆರ್ಲಕ್ಕೂ ನಡುವಿನ ಒಂದು ಅಡಿಕೆ ತೋಟದ ಮನೆಯಂಗಳಕ್ಕೆ ಬಂತು.

ಯಜಮಾನರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಕಂಪನಿಯ ಹೆಸರೂ ಬೇಡ, ಯಾಕೆಂದರೆ ತೊಂದರೆ ಕಂಪನಿ ಮಾಡಿದ್ದಲ್ಲ. ಮಾಡಿದ ಕೆಲಸ, ಅದರ ಕ್ರಮ, ನನ್ನ ಕೈಯಿಂದ ಆದ ತಪ್ಪು, ಇವನ್ನು ಮಾತ್ರ ಮುಚ್ಚಿಟ್ಟಿಲ್ಲ. ಜೀಪು, ಪಿಕಪ್ಪುಗಳ ಇಂಧನ ಪಂಪು ಬಿಚ್ಚುತ್ತಾ ಈ ಕಾರು ರಿಪೇರಿಯ ಕೆಲಸಕ್ಕೆ ಬಂದವನು ನಾನು. ನಮ್ಮ ಕಡೆ ಇಂಥ ಕಾರು ಕೊಳ್ಳುವವರು ಈಗ ಹೆಚ್ಚುತ್ತಿದ್ದಾರೆ, ಇದೇ ಕಥೆ ಇನ್ನೊಬ್ಬರ ಅಂಗಳದಲ್ಲಿ ಆಗುವುದು ಬೇಡ ಎಂದು ಬರೆಯುತ್ತಿದ್ದೇನೆ.

ಕಾರು ಮತ್ತು ಯಜಮಾನರು

ಯಜಮಾನರು ಕೊಲ್ಲಿಯಲ್ಲಿ ಎರಡು ದಶಕ ದುಡಿದು ಊರಿಗೆ ಮರಳಿದವರು. ಅಲ್ಲಿಯ ಕಾರುಗಳು ಹೆಚ್ಚುಕಮ್ಮಿ ಎಲ್ಲವೂ ಪೆಟ್ರೋಲಿನವು. ಮರುಭೂಮಿಯ ನೇರ ಮಾರ್ಗದಲ್ಲಿ ತಮ್ಮನ್ನು ದಾಟಿ ಹೋದ ಕೂಪೆಗಳನ್ನು ನೋಡಿ ನೋಡಿ, ಒಂದು ದಿನ ನಾನೂ ಎಂದುಕೊಂಡಿದ್ದರಂತೆ. ಡೀಸೆಲ್ ಕಾರು ಅವರ ಕೈಗೆ ಬಂದದ್ದು ಇದೇ ಮೊದಲು. ಈ ಸಂಗತಿ ಎಷ್ಟು ಮುಖ್ಯ ಎಂದು ನನಗೆ ತಡವಾಗಿ ತಿಳಿಯಿತು.

ಕಾರು ಯುರೋಪಿನದು, ನಾಲ್ಕು ಬಾಗಿಲಿನ ಕೂಪೆ. ಕೂಪೆ ಎಂದರೆ ಎರಡೇ ಬಾಗಿಲು ಎನ್ನುವ ಲೆಕ್ಕ 2004ರಲ್ಲಿ ಮರ್ಸಿಡಿಸ್ ಸಿಎಲ್‌ಎಸ್ ಬಂದ ಮೇಲೆ ಸಡಿಲವಾಯಿತು. ಹಿಂದಕ್ಕೆ ಇಳಿಯುವ ಮಾಡು, ಚೌಕಟ್ಟಿಲ್ಲದ ಕಿಟಕಿ ಗಾಜು, ನೆಲಕ್ಕೆ ಹತ್ತಿರದ ಸೀಟು ಇದ್ದರೆ ಈಗ ಕೂಪೆಯೇ. ಬಾನೆಟ್ಟಿನ ಕೆಳಗೆ ಒಂದೇ ಸಾಲಿನಲ್ಲಿ ಆರು ಸಿಲಿಂಡರ್, ಮೂರು ಲೀಟರ್, ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ. ಆರು ಸಿಲಿಂಡರನ್ನು ಒಂದೇ ಸಾಲಲ್ಲಿ ಇಟ್ಟಾಗ ಮೇಲೆ ಹೋಗುವ ಪಿಸ್ಟನ್ನಿನ ತೂಕವನ್ನು ಕೆಳಗೆ ಬರುವ ಪಿಸ್ಟನ್ ಸರಿದೂಗಿಸುತ್ತದೆ. ಬೇರೆ ಸರಿದೂಗಿಸುವ ದಂಡ ಬೇಡ. ಡೀಸೆಲ್ಲಿನ ಗಡಸುತನವನ್ನು ಇಷ್ಟು ಚೆನ್ನಾಗಿ ಮೆತ್ತಗೆ ಮಾಡುವ ವಿನ್ಯಾಸ ನನಗೆ ತಿಳಿದ ಮಟ್ಟಿಗೆ ಬೇರೆ ಇಲ್ಲ.

ಡೀಸೆಲ್ ಮತ್ತು ಕೂಪೆ ಒಟ್ಟಿಗೆ ಹೋಗುವುದಿಲ್ಲ ಎಂದು ಈಗಲೂ ಹೇಳುವವರಿದ್ದಾರೆ. 1977ರಲ್ಲಿ ಮರ್ಸಿಡಿಸಿನವರು ಅಮೆರಿಕದ ಗಿರಾಕಿಗಳಿಗೆಂದು 300 ಸಿಡಿ ಎಂಬ ಕೂಪೆಗೆ ಮೂರು ಲೀಟರಿನ ಐದು ಸಿಲಿಂಡರ್ ಡೀಸೆಲ್ ಕೂರಿಸಿದಾಗ ಅದರ ಶಕ್ತಿ 80 ಅಶ್ವಶಕ್ತಿಯ ಆಸುಪಾಸು ಇತ್ತು. ಆಗ ಆ ಮಾತು ನಿಜ ಇದ್ದಿರಬಹುದು. 2003ರ ಬಿಎಂಡಬ್ಲ್ಯು 330 ಸಿಡಿ ಅಷ್ಟೇ ಗಾತ್ರದಿಂದ 204 ಅಶ್ವಶಕ್ತಿ, 410 ನ್ಯೂಟನ್ ಮೀಟರ್ ತಿರುಗುಬಲ ತೆಗೆಯಿತು. 2007ರ 635 ಡಿ ಎರಡು ಟರ್ಬೊ ಇಟ್ಟುಕೊಂಡು 286 ಮತ್ತು 580ಕ್ಕೆ ಹೋಯಿತು. ಮೂವತ್ತು ವರ್ಷದಲ್ಲಿ ಅದೇ ಮೂರು ಲೀಟರಿನಿಂದ ಮೂರೂವರೆ ಪಟ್ಟು. ಇದಕ್ಕೆ ಕಾರಣ ಟರ್ಬೊ, ಮತ್ತೆ 1600 ಬಾರ್ ದಾಟಿದ ಒತ್ತಡದಲ್ಲಿ ಇಂಧನವನ್ನು ಒಂದೇ ಹೊಡೆತಕ್ಕೆ ಹಲವು ಸಲ ಸಣ್ಣದಾಗಿ ಚಿಮ್ಮಿಸುವ ಕಾಮನ್ ರೈಲ್. 2006ರಲ್ಲಿ ಆಡಿ ಸಂಸ್ಥೆ ಲ ಮಾನ್ಸ್‌ನ 24 ಗಂಟೆಯ ಸ್ಪರ್ಧೆಯನ್ನೇ ಡೀಸೆಲ್ ಕಾರಿನಲ್ಲಿ ಗೆದ್ದಿತು.

ಯಜಮಾನರು ಈ ಕಾರನ್ನು ಲಾರಿಗೆ ಏರಿಸಿ ತರಿಸಲಿಲ್ಲ. ಅಳಿಯನನ್ನು ಕರೆದುಕೊಂಡು ಹೋಗಿ ಮೇ ತಿಂಗಳ ಸುಡುಬಿಸಿಲಿನಲ್ಲಿ ನಾಲ್ಕು ದಿನ ಓಡಿಸಿಕೊಂಡು ಬಂದರು. ಎರಡು ಸಾವಿರ ಕಿಲೋಮೀಟರಿಗೂ ಮೇಲೆ. ಲೀಟರಿಗೆ 16 ಕೊಟ್ಟಿತು ಎಂದರು. ನೂರರ ವೇಗದಲ್ಲಿ ಎಂಟನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 1500 ಸುತ್ತಿನ ಹತ್ತಿರ ಮಾತ್ರ ತಿರುಗುತ್ತದೆ, ಒಳಗೆ ಗಾಳಿಯ ಸದ್ದು ಬಿಟ್ಟರೆ ಬೇರೇನಿಲ್ಲ. ಎದುರು ಲಾರಿ ಸಿಕ್ಕಿದರೆ ಗೇರು ಇಳಿಸುವುದೂ ಬೇಡ, ಕಾಲ ಬೆರಳು ಸ್ವಲ್ಪ ಒತ್ತಿದರೆ 600 ನ್ಯೂಟನ್ ಮೀಟರಿನ ಆಸುಪಾಸಿನ ಬಲ ಕೆಳಗಿನಿಂದಲೇ ಎದ್ದು ಬರುತ್ತದೆ. ಪೆಟ್ರೋಲ್ ಕೂಪೆಗಳ ಸುಖ ಸುತ್ತು ಏರಿದ ಮೇಲೆ, ಸದ್ದಿನ ಜೊತೆ ಬರುವುದು. ಇದರ ಸುಖ ಸುತ್ತು ಏರುವ ಮೊದಲೇ ಮುಗಿದಿರುತ್ತದೆ, ಲಾರಿ ಹಿಂದೆ ಉಳಿದಿರುತ್ತದೆ. ಆ ನಾಲ್ಕು ದಿನ ಕಾರು ತನ್ನ ಹುಟ್ಟಿನ ಕೆಲಸ ಮಾಡಿತು. ಮನೆ ತಲುಪಿದ ದಿನ ಅದರಲ್ಲಿ ಒಂದು ದೋಷವೂ ಕಾಣಲಿಲ್ಲ.

ಆಟಿ ತಿಂಗಳಲ್ಲಿ ಹೊತ್ತಿದ ದೀಪ

ಆಮೇಲೆ ಅದರ ಬದುಕು ಬದಲಾಯಿತು. ಬೆಳಗ್ಗೆ ಪೇಟೆಗೆ ಐದು ಕಿಲೋಮೀಟರ್, ಹಾಲು, ಪೇಪರು, ವಾಪಸು. ಹತ್ತಕ್ಕೆ ಸೊಸೈಟಿಗೆ. ಸಂಜೆ ಮೊಮ್ಮಗಳ ಶಾಲೆಗೆ. ಪ್ರೀತಿಯಿಂದ ಕೊಂಡ ಕಾರು, ಎಲ್ಲಿಗೆ ಹೋಗುವುದಾದರೂ ಅದರಲ್ಲೇ ಹೋಗಬೇಕು. ಜೂನಿನಲ್ಲಿ ಮಳೆ ಹಿಡಿಯಿತು. ಚೆರ್ಕಳ–ಕಲ್ಲಡ್ಕ ಮಾರ್ಗದಲ್ಲಿ ಮೂವತ್ತಕ್ಕಿಂತ ಹೆಚ್ಚು ವೇಗ ಹೋಗುವ ಜಾಗ ಕಡಿಮೆ, ಉಳಿದಲ್ಲಿ ಹಂಪು, ಹೊಂಡ, ತಿರುವು. ಮನೆಯ ಮುರಕಲ್ಲಿನ ಏರಿನಲ್ಲಿ ಕಾರಿನ ಹೊಟ್ಟೆ ಎರಡು ಸಲ ತಾಗಿತು. ಅದಕ್ಕೆಂದು ಇನ್ನೂ ಮೆಲ್ಲ ಓಡಿಸತೊಡಗಿದರು.

ಆಟಿಯ (ಜುಲೈ–ಆಗಸ್ಟ್) ಹೊತ್ತಿಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿತು. ಪೇಟೆಯ ಒಬ್ಬರು ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರ್ ಚುಚ್ಚಿ ದೀಪ ಆರಿಸಿ ಕೊಟ್ಟರು. ವಾರ ಬಿಟ್ಟು ಮತ್ತೆ ಹೊತ್ತಿತು, ಮತ್ತೆ ಆರಿಸಿದರು. ಮೂರನೇ ಸಲ ದೀಪದ ಜೊತೆ ಬಲವೂ ಹೋಯಿತು. ಚೆರ್ಕಳದ ಏರಿನಲ್ಲಿ ಕಾರು ಎತ್ತಿನಗಾಡಿಯ ಹಾಗೆ ಹತ್ತಿತಂತೆ, ಹಿಂದಿನಿಂದ ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದನಂತೆ. ಎಂಜಿನ್ನಿನ ಕಂಪ್ಯೂಟರ್ ತನ್ನನ್ನು ಉಳಿಸಿಕೊಳ್ಳಲು ಬಲ ತಗ್ಗಿಸಿತ್ತು.

ದೂರದ ಪೇಟೆಯ ಒಂದು ಕಾರ್ಯಾಗಾರದಲ್ಲಿ ಎರಡು ದಾರಿ ಹೇಳಿದರು. ಹೊಗೆ ಕೊಳವೆಯಲ್ಲಿರುವ ಮಸಿ ಫಿಲ್ಟರ್, ಎಲ್ಲರೂ ಡಿಪಿಎಫ್ ಎನ್ನುವುದು, ಅದು ಕಟ್ಟಿಹೋಗಿದೆ, ಹೊಸತಕ್ಕೆ ಲಕ್ಷಗಟ್ಟಲೆ. ಇಲ್ಲವಾದರೆ ಅದರ ಒಳಗಿನದ್ದನ್ನು ಕೊರೆದು ತೆಗೆದು, ಕಂಪ್ಯೂಟರಿಗೆ ಫಿಲ್ಟರ್ ಇದೆ ಎಂದು ಸುಳ್ಳು ಹೇಳಿಸಿದರೆ ಆಯಿತು, ಅದರ ಹತ್ತರಲ್ಲೊಂದು ಪಾಲಿನ ಖರ್ಚು. ಯಜಮಾನರು ಒಂದು ದಿನದ ಸಮಯ ಕೇಳಿ ನನ್ನಲ್ಲಿಗೆ ಬಂದರು. "ಕಿತ್ತೇ ಬಿಡುವಾ ಅಲ್ವಾ? ಎಲ್ಲರೂ ಹಾಗೇ ಮಾಡುದಂತೆ."

ಮಸಿ ಎಲ್ಲಿಗೆ ಹೋಗುತ್ತದೆ

ಫಿಲ್ಟರಿನ ಕೆಲಸವನ್ನು ಬಚ್ಚಲೊಲೆ ಗೊತ್ತಿದ್ದವರಿಗೆ ಹೇಳುವುದು ಸುಲಭ. ಹಸಿ ತೆಂಗಿನ ಮಡಲು ಇಟ್ಟು ಒಲೆ ಹೊತ್ತಿಸಿದರೆ ಮೊದಲು ಹೊಗೆ, ಗೋಡೆಗೆಲ್ಲ ಮಸಿ. ಒಲೆ ಕಾದು ಕೆಂಪಾದ ಮೇಲೆ ಅದೇ ಒಲೆಯಲ್ಲಿ ಹೊಗೆ ಇಲ್ಲ. ತಣ್ಣಗಿನ ಡೀಸೆಲ್ ಎಂಜಿನ್ನೂ ಹಾಗೆ ಮಸಿ ಕಾರುತ್ತದೆ. ಜೇನುಗೂಡಿನಂಥ ಕಣ್ಣುಗಳ ಸೆರಾಮಿಕ್ ಫಿಲ್ಟರ್ ಆ ಮಸಿಯನ್ನು ಹಿಡಿಯುತ್ತದೆ. 2000ದಲ್ಲಿ ಪ್ಯೂಜೋ 607 ಇದನ್ನು ಹೊತ್ತುಕೊಂಡು ಬಂದ ಮೊದಲ ಕಾರು. ಭಾರತದಲ್ಲಿ 2020ರ ಏಪ್ರಿಲಿನಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬಂದ ಮೇಲೆ ಸಾಮಾನ್ಯ ಡೀಸೆಲ್ ಕಾರುಗಳಲ್ಲೂ ಇದೆ.

ಹಿಡಿದ ಮಸಿಯನ್ನು ಫಿಲ್ಟರ್ ಎರಡು ವಿಧದಲ್ಲಿ ಸುಡುತ್ತದೆ. ದೂರ ಓಡುವಾಗ ಹೊಗೆಯ ಬಿಸಿ 250ರಿಂದ 400 ಡಿಗ್ರಿಯಲ್ಲಿ ನಿಂತರೆ ಮಸಿ ತಾನಾಗಿಯೇ ಮೆಲ್ಲಗೆ ಸುಟ್ಟುಹೋಗುತ್ತದೆ. ಅದು ಸಾಲದಾದರೆ ಕಂಪ್ಯೂಟರ್ ಬೇಕೆಂದೇ ಸಿಲಿಂಡರಿಗೆ ತಡವಾಗಿ ಒಂದಿಷ್ಟು ಹೆಚ್ಚು ಡೀಸೆಲ್ ಚಿಮ್ಮಿಸುತ್ತದೆ, ಅದು ಹೊಗೆ ಕೊಳವೆಯಲ್ಲಿ ಉರಿದು ಫಿಲ್ಟರನ್ನು 600 ಡಿಗ್ರಿಯ ಹತ್ತಿರ ಕಾಯಿಸುತ್ತದೆ. ಇದಕ್ಕೆ ಹತ್ತಿಪ್ಪತ್ತು ನಿಮಿಷ ಬಿಡದೆ ಓಡಬೇಕು. ಐದು ಕಿಲೋಮೀಟರಿಗೆ ಕೀಲಿ ತಿರುಗಿಸಿ ನಿಲ್ಲಿಸಿದರೆ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಚಿಮ್ಮಿಸಿದ ಡೀಸೆಲ್ಲಿನ ಒಂದು ಪಾಲು ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಎಂಜಿನ್ ಎಣ್ಣೆಗೆ ಸೇರುತ್ತದೆ.

ಕೀಳುವುದಕ್ಕೆ ನಾನು ಒಪ್ಪಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಅವಕಾಶ ಕೊಡುವುದಿಲ್ಲ ಎಂದೆ. ಅದು ಅವರಿಗೆ ತಾಗಲಿಲ್ಲ. ಆಗ ಇನ್ನೊಂದು ವಿಷಯ ಹೇಳಿದೆ. ಡೀಸೆಲ್ ಹೊಗೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಫಿಲ್ಟರಿನಲ್ಲಿ ನಿಂತದ್ದು ಇನ್ನು ಮೇಲೆ ಶಾಲೆಯ ಗೇಟಿನೆದುರು ನಿಲ್ಲುತ್ತದೆ, ನಿಮ್ಮ ಮೊಮ್ಮಗಳು ಕಾಯುವ ಜಾಗದಲ್ಲಿ.

ಅವರು ತುಂಬ ಹೊತ್ತು ಮಾತಾಡಲಿಲ್ಲ. ಪೆರ್ಲ ಸೇರಿದ ಎಣ್ಮಕಜೆ ಪಂಚಾಯತಿನ ಕಡೆಯವರಿಗೆ ಈ ಮಾತಿನ ಭಾರ ಬೇರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು ನಿಂತದ್ದು 2000ದ ಹೊತ್ತಿಗೆ, ಅದರ ನೋವು ಇನ್ನೂ ಮನೆಗಳೊಳಗಿದೆ. "ನಮ್ಮ ಊರಿನವರು ಬೇರೆಯವರು ಬಿಟ್ಟದ್ದನ್ನು ಉಸಿರಾಡಿದ್ದು ಸಾಕು. ನೀವು ಬೇರೆ ದಾರಿ ನೋಡಿ" ಎಂದರು. ಈ ಪ್ರಕರಣದ ಮೊದಲ ತಿರುವು ಅದು, ಮತ್ತು ಅದು ನನ್ನದಲ್ಲ, ಅವರದು.

ನನ್ನ ತಪ್ಪು

ಬೇರೆ ದಾರಿ ಎಂದರೆ ನನಗೆ ಆಗ ಕಂಡದ್ದು ಒಂದೇ. ಕಾರನ್ನು ನಿಲ್ಲಿಸಿಯೇ ಸ್ಕ್ಯಾನರಿನಿಂದ ಆಜ್ಞೆ ಕೊಟ್ಟು ಬಲವಂತವಾಗಿ ಮಸಿ ಸುಡಿಸುವುದು. ಒಣ ಎಲೆ, ಹುಲ್ಲು ಏನೂ ಇಲ್ಲದ ಕಾಂಕ್ರೀಟಿನ ಮೇಲೆ ಮಾಡಬೇಕಾದ ಕೆಲಸ ಇದು, ಕೆಳಗಿನ ಬಿಸಿ ಅಷ್ಟಿರುತ್ತದೆ. ಮಾಡಿದೆ. ಸ್ಕ್ಯಾನರ್ ತೋರಿಸುವ ಮಸಿಯ ಲೆಕ್ಕ 41 ಗ್ರಾಮಿನಿಂದ 12ಕ್ಕೆ ಇಳಿಯಿತು. ಕಾರು ಮತ್ತೆ ಮೊದಲಿನ ಹಾಗೆ ಹಾರಿತು. ಇಬ್ಬರಿಗೂ ಸಂತೋಷ.

ಹನ್ನೊಂದನೇ ದಿನ ಅದೇ ದೀಪ. ಡಿಪ್‌ಸ್ಟಿಕ್ ಎಳೆದೆ. ಎಣ್ಣೆ ಕಡಿಮೆಯಾಗಿರಲಿಲ್ಲ, ಮೇಲಿನ ಗೆರೆಯನ್ನೂ ದಾಟಿತ್ತು, ಮೂಗಿಗೆ ಹಿಡಿದರೆ ಡೀಸೆಲ್ ವಾಸನೆ. ಇದು ಸಣ್ಣ ವಿಷಯವಲ್ಲ. ತೆಳುವಾದ ಎಣ್ಣೆ ಬೇರಿಂಗ್ ಮತ್ತು ಟರ್ಬೊವನ್ನು ಉಜ್ಜಿ ತಿನ್ನುತ್ತದೆ. ಮಟ್ಟ ಇನ್ನೂ ಏರಿ ಗಾಳಿಯ ಕೊಳವೆಗೆ ಎಣ್ಣೆ ಹೋದರೆ ಡೀಸೆಲ್ ಎಂಜಿನ್ ಅದನ್ನೇ ಉರಿಸಿಕೊಂಡು, ಕೀಲಿ ತೆಗೆದರೂ ನಿಲ್ಲದೆ ಓಡಬಹುದು. ನಾನು ಫಿಲ್ಟರ್ ಯಾಕೆ ತುಂಬಿತು ಎಂದು ಕೇಳದೆ, ಅದನ್ನು ಖಾಲಿ ಮಾಡುವುದು ಹೇಗೆ ಎಂದು ಮಾತ್ರ ನೋಡಿದ್ದೆ. ಸಣ್ಣ ಓಡಾಟ ಕಾರಣ ಎಂದು ಮನಸ್ಸು ಮೊದಲೇ ತೀರ್ಮಾನಿಸಿತ್ತು. ಅದು ನಿಜವೇ, ಆದರೆ ಪೂರ್ತಿ ಅಲ್ಲ. ಬರಿಯ ಸಣ್ಣ ಓಡಾಟದಿಂದ ಹನ್ನೊಂದು ದಿನದಲ್ಲಿ ಅಷ್ಟು ತುಂಬಬಾರದು.

ಎರಡನೇ ಸಲ ಬಲವಂತದ ಆಜ್ಞೆ ಕೊಡುವುದು ಬೇಡ ಎಂದು ನಿರ್ಧರಿಸಿದೆ. ಎಣ್ಣೆ ಬದಲಿಸಿ, ಮರುದಿನ ಬೆಳಗಿನ ಐದೂವರೆಗೆ ಯಜಮಾನರ ಪಕ್ಕದ ಸೀಟಿನಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತೆ. ಚೆರ್ಕಳಕ್ಕೆ ಹೋಗಿ, ಅಲ್ಲಿಂದ ಹೆದ್ದಾರಿಯಲ್ಲಿ ತಲಪಾಡಿಯ ಕಡೆಗೆ. ಆರು ಪಥದ ಕೆಲಸ ನಡೆಯುತ್ತಿದ್ದ ಕಾಲ, ಕೆಲವು ಕಡೆ ಮಾತ್ರ ಓಡಲು ಸಿಗುತ್ತಿತ್ತು. ಮಳೆ ಒಂದೇ ಸಮನೆ. ಪರದೆಯ ಮೇಲೆ ಹತ್ತು ಹನ್ನೆರಡು ಅಂಕಿಗಳು ಕುಣಿಯುತ್ತಿದ್ದವು, ನನ್ನ ಕಣ್ಣು ಮಸಿಯ ಅಂಕಿಯ ಮೇಲೇ. ಕುಂಬಳೆ ದಾಟಿದ ಮೇಲೆ ಯಜಮಾನರೇ ಕೇಳಿದರು, "ಈ 66 ಎಂತದು? ಆಗದಿಂದ ಅಲುಗಾಡುದೇ ಇಲ್ಲ."

ಅದು ಎಂಜಿನ್ನಿನ ನೀರಿನ ಬಿಸಿ. ನಲವತ್ತು ನಿಮಿಷ ಓಡಿದ ಮೇಲೂ 66 ಡಿಗ್ರಿ. ಆ ಎಂಜಿನ್ 88ರ ಮೇಲೆ ಇರಬೇಕಾದದ್ದು. ಹಲವು ಡೀಸೆಲ್ ಎಂಜಿನ್‌ಗಳಲ್ಲಿ ನೀರು 70–75 ಡಿಗ್ರಿ ದಾಟದೆ ಕಂಪ್ಯೂಟರ್ ಮಸಿ ಸುಡುವ ಕೆಲಸ ಶುರುವೇ ಮಾಡುವುದಿಲ್ಲ, ಎಂಜಿನ್ ಇನ್ನೂ ತಣ್ಣಗಿದೆ ಎಂದು ಕಾಯುತ್ತದೆ. ಇದು ಮಳೆಗಾಲವಿಡೀ ಕಾಯುತ್ತಿತ್ತು. ತಣ್ಣಗಿರುವ ಕಾರಣ ಮಸಿಯೂ ಹೆಚ್ಚು ಕಾರುತ್ತಿತ್ತು.

ವಾಪಸು ಬಂದು ಕಾರನ್ನು ಪೂರ್ತಿ ತಣಿಯಲು ಬಿಟ್ಟು, ಮರುದಿನ ಶುರು ಮಾಡಿ ರೇಡಿಯೇಟರಿಗೆ ಹೋಗುವ ಕೊಳವೆಯನ್ನು ಕೈಯಲ್ಲಿ ಹಿಡಿದೆ. ನೀರು ಕಾದ ಮೇಲೆ ಮಾತ್ರ ಅದನ್ನು ರೇಡಿಯೇಟರಿಗೆ ಬಿಡುವ ಬಾಗಿಲು, ಅಂದರೆ ಥರ್ಮೋಸ್ಟಾಟ್, ಸರಿ ಇದ್ದರೆ ಎಂಜಿನ್ ಕಾಯುವವರೆಗೆ ಆ ಕೊಳವೆ ತಣ್ಣಗಿದ್ದು, ಬಾಗಿಲು ತೆರೆದಾಗ ಒಮ್ಮೆಗೇ ಬಿಸಿಯಾಗಬೇಕು. ಇಲ್ಲಿ ಮೊದಲ ನಿಮಿಷದಿಂದಲೇ ಮೆಲ್ಲಮೆಲ್ಲಗೆ ಬೆಚ್ಚಗಾಗುತ್ತಾ ಬಂತು. ಥರ್ಮೋಸ್ಟಾಟ್ ತೆರೆದೇ ನಿಂತಿತ್ತು. ಮೇ ತಿಂಗಳ ಬಿಸಿಲಿನಲ್ಲಿ, ದೂರದ ಓಟದಲ್ಲಿ ಈ ಸೋಮಾರಿತನ ಗೊತ್ತಾಗಿರಲಿಕ್ಕಿಲ್ಲ. ನಮ್ಮ ಮಳೆಯ ಗಾಳಿ ಅದನ್ನು ಬಯಲು ಮಾಡಿತು. ಫಿಲ್ಟರಿನ ಹೊಸ ಬೆಲೆಯ ಮುಂದೆ ಅದರ ಬೆಲೆ ಲೆಕ್ಕಕ್ಕೇ ಇಲ್ಲ.

ನನಗೆ ಈಗಲೂ ಬೇಸರವಾಗುವುದು ಒಂದಕ್ಕೆ. ಬಲವಂತವಾಗಿ ಸುಡಿಸಿದ ದಿನವೂ ಆ ಅಂಕಿ ಪರದೆಯ ಮೇಲೆ ಇತ್ತು. ನಿಂತಲ್ಲೇ ಸುತ್ತು ಏರಿಸಿದ ಕಾರಣ ನೀರು ಅಂದು ಬೇಕಾದಷ್ಟು ಕಾದಿತ್ತು. ಆದರೆ ಅಷ್ಟು ಬಿಸಿಯಾಗಲು ತೆಗೆದುಕೊಂಡ ಹೊತ್ತು ನೋಡಿದ್ದರೆ ಸಂಶಯ ಬರಬೇಕಿತ್ತು.

ಸುಟ್ಟ ದಿನ

ಥರ್ಮೋಸ್ಟಾಟ್ ಬದಲಾಯಿತು. ಫಿಲ್ಟರಿನ ಹಿಂದು ಮುಂದಿನ ಒತ್ತಡ ಅಳೆಯುವ ಸೆನ್ಸರಿನ ರಬ್ಬರ್ ನಳಿಗೆ ಬಿರುಕು ಬಿಟ್ಟಿತ್ತು, ಅದನ್ನೂ ಬದಲಿಸಿದೆ. ಇಂಥ ಫಿಲ್ಟರ್ ಇರುವ ಎಂಜಿನ್ನಿಗೆ ಬೂದಿ ಕಡಿಮೆ ಉಳಿಸುವ ಎಣ್ಣೆಯೇ ಬೇಕು. ಹಿಂದೆ ಯಾರೋ ಲಾರಿಯ ಎಣ್ಣೆ ಹಾಕಿದ್ದರು.

ಒಂದು ಭಾನುವಾರ ಮಂಗಳೂರು ದಾಟಿ ಕುಂದಾಪುರದವರೆಗೆ ಹೋದೆವು. ಸುರತ್ಕಲ್ ಕಳೆದ ಮೇಲೆ ಮಾರ್ಗ ಬಿಡುವಾಯಿತು. ಎಂಟನೇ ಗೇರು ಬೇಡ, ಆರರಲ್ಲಿ ಹಿಡಿಯಿರಿ, ಎಂಜಿನ್ 2000 ಸುತ್ತಿನ ಮೇಲಿರಲಿ ಎಂದೆ. ಪಡುಬಿದ್ರಿಯ ಹತ್ತಿರ ಫಿಲ್ಟರಿನ ಬಿಸಿ ಏರತೊಡಗಿತು: 300, 450, 610. ಯಜಮಾನರಿಗೆ ಡ್ಯಾಶ್‌ಬೋರ್ಡಿನಲ್ಲಿ ಏನೂ ಕಾಣಲಿಲ್ಲ, ಕ್ಷಣದ ಮೈಲೇಜು ಮಾತ್ರ ಸ್ವಲ್ಪ ಇಳಿಯಿತು. ಉಡುಪಿ ದಾಟುವಾಗ ಮಸಿ 34ರಿಂದ 6 ಗ್ರಾಮಿಗೆ ಬಂದಿತ್ತು. ಯಾರೂ ಆಜ್ಞೆ ಕೊಡದೆ, ಕಾರು ತಾನೇ ಮಾಡಿಕೊಂಡದ್ದು.

ವಾಪಸು ಬರುವಾಗ ಅವರು ನನಗೆ ಸ್ಟಿಯರಿಂಗ್ ಕೊಟ್ಟರು. ಕಾರು ನೆಲಕ್ಕೆ ಅಂಟಿಕೊಂಡು, ಅವಸರವಿಲ್ಲದೆ, ತೂಕದ ಮನುಷ್ಯನ ಹಾಗೆ ಹೋಗುತ್ತದೆ. ಎಂಜಿನ್ನಿನ ಭಾರ ಮುಂದಿದೆ ಎಂದು ತಿರುವಿನ ಬಾಯಲ್ಲಿ ಗೊತ್ತಾಗುತ್ತದೆ, ಮೂಗು ಒಂದು ಕ್ಷಣ ಯೋಚಿಸಿ ಒಳಗೆ ಬರುತ್ತದೆ. ಆಮೇಲೆ ಹಿಂದಿನ ಚಕ್ರಗಳಿಗೆ ಬಲ ಕೊಟ್ಟರೆ ಉದ್ದದ ಮೈಯನ್ನು ಒಂದೇ ಎಳೆತದಲ್ಲಿ ಹೊರಗೆ ಒಯ್ಯುತ್ತದೆ. ಮುಂದೆ ಜಾಲ್ಸೂರು, ಸುಳ್ಯ ಕಳೆದು ಸಂಪಾಜೆ ಘಾಟಿ ಹತ್ತಿದಾಗಲೂ ಇದನ್ನೇ ಕಂಡೆ. ಸಣ್ಣ ತಿರುವುಗಳಲ್ಲಿ ಅದು ಚುರುಕಿನ ಕಾರಲ್ಲ, ಎರಡು ತಿರುವಿನ ನಡುವಿನ ಏರನ್ನು ಮಾತ್ರ ಇಲ್ಲವೆನ್ನಿಸಿಬಿಡುತ್ತದೆ. ಒಂದು ವಿಷಯ ಅಲ್ಲಿ ಗಮನಿಸಿದೆ. ಹತ್ತುವಾಗ ಫಿಲ್ಟರ್ ಚೆನ್ನಾಗಿ ಕಾಯುತ್ತದೆ, ಇಳಿಯುವಾಗ ಎಂಜಿನ್ನಿಗೆ ಇಂಧನವೇ ಇಲ್ಲದ ಕಾರಣ ಬೇಗ ತಣಿಯುತ್ತದೆ. ಸುಡುತ್ತಿರುವಾಗ ಘಾಟಿ ಇಳಿಯಬಾರದು.

ಈಗ

ಯಜಮಾನರು ಕಾರು ಮಾರಲಿಲ್ಲ. ಪೇಟೆಗೆ, ಶಾಲೆಗೆ, ಸೊಸೈಟಿಗೆ ಮನೆಯಲ್ಲಿದ್ದ ಹಳೆಯ ಸಣ್ಣ ಪೆಟ್ರೋಲ್ ಕಾರನ್ನು ಮತ್ತೆ ಇಳಿಸಿದರು. ಕೂಪೆಯನ್ನು ವಾರಕ್ಕೊಮ್ಮೆ ಅರ್ಧ ಗಂಟೆಗೆ ಮೇಲೆ, ತಿಂಗಳಿಗೊಮ್ಮೆ ದೂರಕ್ಕೆ ಒಯ್ಯುತ್ತಾರೆ. ಈ ತೀರ್ಮಾನಕ್ಕೆ ಬರಲು ಅವರಿಗೆ ಕಷ್ಟವಾಯಿತು. ಪ್ರೀತಿಯ ವಸ್ತುವನ್ನು ದಿನಾ ಬಳಸದಿರುವುದು ಅದನ್ನು ಉಳಿಸುವ ದಾರಿ ಎಂದು ಒಪ್ಪುವುದು ಯಾರಿಗೂ ಸುಲಭವಲ್ಲ. ಕೊಳ್ಳುವ ಮೊದಲು ನನ್ನನ್ನು ಕೇಳಿದ್ದರೆ, ದಿನಕ್ಕೆ ಹತ್ತು ಕಿಲೋಮೀಟರ್ ಓಡುವವರಿಗೆ ಇದೇ ಕಾರಿನ ಪೆಟ್ರೋಲ್ ರೂಪ ತೆಗೆದುಕೊಳ್ಳಿ ಎನ್ನುತ್ತಿದ್ದೆ. ಈಗ ಬರುವವರಿಗೆ ಅದನ್ನೇ ಹೇಳುತ್ತೇನೆ, ದಿನದ ಓಡಾಟವನ್ನು ಒಂದು ವಾರ ಬರೆದುಕೊಂಡು ಬನ್ನಿ, ಆಮೇಲೆ ಇಂಧನ ಯಾವುದೆಂದು ಮಾತಾಡುವಾ ಎಂದು. ದೀಪ ಹೊತ್ತಿದ ಮೇಲೆ ಬಂದವರ ಕಾರಿನಲ್ಲಿ ನಾನು ಮೊದಲು ನೋಡುವುದು ನೀರಿನ ಬಿಸಿ ಮತ್ತು ಎಣ್ಣೆಯ ಮಟ್ಟ, ಮಸಿಯ ಅಂಕಿ ಆಮೇಲೆ.

ಕಾರಿನ ಬಾಕ್ಸಿನಲ್ಲಿ ಒಂದು ನೋಟುಪುಸ್ತಕ ಇದೆ. ದಿನಾಂಕ, ಓಡಿದ ದೂರ, ಏರಿದ ಗರಿಷ್ಠ ಬಿಸಿ, ಎಣ್ಣೆಯ ಮಟ್ಟ ಎಲ್ಲವನ್ನೂ ಯಜಮಾನರು ಅಡಿಕೆ ಲೆಕ್ಕ ಬರೆಯುವ ಅಕ್ಷರದಲ್ಲೇ ಬರೆಯುತ್ತಾರೆ. ಎರಡು ಮಳೆಗಾಲ ಕಳೆದಿದೆ, ಹಳದಿ ದೀಪ ಹೊತ್ತಿಲ್ಲ. ಉಳಿದದ್ದು ಬೂದಿ. ಮಸಿ ಸುಡುತ್ತದೆ, ಎಂಜಿನ್ ಎಣ್ಣೆಯಿಂದ ಬರುವ ಬೂದಿ ಸುಡುವುದಿಲ್ಲ, ಫಿಲ್ಟರಿನ ತಳದಲ್ಲಿ ವರ್ಷದಿಂದ ವರ್ಷಕ್ಕೆ ಕೂತುಕೊಳ್ಳುತ್ತದೆ. ಅದಕ್ಕೆ ಬಿಚ್ಚಿ ತೊಳೆಯಿಸುವುದೇ ದಾರಿ. ಸ್ಕ್ಯಾನರಿನ ಲೆಕ್ಕದಲ್ಲಿ ಅದೀಗ ಅರ್ಧಕ್ಕಿಂತ ಸ್ವಲ್ಪ ಮೇಲಿದೆ. ಅಡಿಕೆಯ ಕೊಳೆರೋಗದ ಮದ್ದು ಮಳೆ ಹಿಡಿಯುವ ಮೊದಲೇ ಬಿಡಬೇಕು, ಇದನ್ನೂ ಹಾಗೇ ಮಾಡಿಬಿಡುವಾ ಎಂದು ಅವರು ಹೇಳುತ್ತಾರೆ. ಇನ್ನೊಂದು ವರ್ಷ ಧಾರಾಳ ಹೋಗುತ್ತದೆ ಎಂದು ನಾನು. ಮೇ ತಿಂಗಳಲ್ಲಿ ಇನ್ನೊಮ್ಮೆ ಕುಂದಾಪುರಕ್ಕೆ ಹೋಗಿ, ಒತ್ತಡದ ಅಂಕಿ ನೋಡಿ ನಿರ್ಧರಿಸುವುದೆಂದು ಮಾತಾಗಿದೆ.